ಹಿನ್ನೀರಿನ ದಂಡೆಗೊಂದು ಹಗುರ ಟೆಂಟ್: ಕಡಿಮೆ ಖರ್ಚಿನಲ್ಲಿ ಆರಿಸಿಕೊಳ್ಳುವ ಬಗೆ

ಘಟಪ್ರಭಾ ಹೊಳೆಯ ಹಿಡಕಲ್ ಅಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲೆ ನಮ್ಮ ಮೊದಲ ಟೆಂಟ್ ಮುರಿದಾಗ ನಸುಕಿನ ಮೂರು ಗಂಟೆ. ಏಪ್ರಿಲ್ ತಿಂಗಳು. ನೀರಿಳಿದು ಹುನ್ನೂರಿನ ವಿಠ್ಠಲ ಗುಡಿ ಹೊರಗೆ ಬಂದಿತ್ತು. ಸಂಜೆ ಅದನ್ನು ದೋಣಿಯಿಂದ ನೋಡಿ ಬಂದು, ರೊಟ್ಟಿ ಶೇಂಗಾ ಚಟ್ನಿ ತಿಂದು ಮಲಗಿದ್ದೆವು. ಮುಗಿಲಲ್ಲಿ ಒಂದು ಮೋಡವೂ ಇರಲಿಲ್ಲ. ನಿದ್ದೆಯಲ್ಲಿದ್ದಾಗ ಪಡುವಣದಿಂದ ಗಾಳಿ ಎದ್ದಿತು, ಹಿಂದೆಯೇ ದಪ್ಪ ಹನಿಯ ಮಳೆ. ಫೈಬರ್‌ಗ್ಲಾಸ್ ಕೋಲು ಒಮ್ಮೆ ಬಾಗಿತು, ಎರಡನೇ ಸಲ ಕಬ್ಬು ಸಿಗಿದ ಹಾಗೆ ಉದ್ದಕ್ಕೆ ಸೀಳಿತು. ಅದರ ಸಿಬಿರು ಮೇಲಿನ ಬಟ್ಟೆಯನ್ನು ಹರಿದುಕೊಂಡು ಹೊರಗೆ ಹೋಯಿತು. ಹಿಡಿದು ನಿಲ್ಲಿಸಲು ಹೋದ ಗೆಳೆಯನ ಅಂಗೈಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು ಚುಚ್ಚಿಕೊಂಡವು. ಬೆಳಗಿನವರೆಗೆ ಗಾಳಿ ತುಂಬಿದ ದೋಣಿಯನ್ನು ಮಗುಚಿ ಅದರಡಿ ಕೂತಿದ್ದೆವು. ಟಾರ್ಚ್ ಬೆಳಕಲ್ಲಿ ಚಿಮಟ ಹಿಡಿದು ಅವನ ಕೈಯಿಂದ ಒಂದೊಂದೇ ಎಳೆ ತೆಗೆಯುವಾಗ ನನಗೆ ತಿಳಿದದ್ದು: ಆ ಟೆಂಟನ್ನು ನಾನು ಬೆಲೆ ಮತ್ತು ತೂಕ, ಈ ಎರಡೇ ಅಂಕಿ ನೋಡಿ ಕೊಂಡಿದ್ದೆ.

ಆಮೇಲಿನ ವರ್ಷಗಳಲ್ಲಿ ಘಟಪ್ರಭಾ, ಕೃಷ್ಣಾ, ಮಲಪ್ರಭಾ ಹಿನ್ನೀರುಗಳಲ್ಲಿ ಎಷ್ಟೋ ರಾತ್ರಿ ಕಳೆದಿದ್ದೇನೆ, ಮೂರು ಟೆಂಟ್ ಬದಲಿಸಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕೆನೂ ಅಥವಾ ಗಾಳಿ ತುಂಬುವ ಕಯಾಕ್ ಕೊಂಡು ಹೊಳೆಗಿಳಿಯುವ ಹುಡುಗರು ಈಗ ಹೆಚ್ಚಾಗುತ್ತಿದ್ದಾರೆ. ದೋಣಿಗೆ ದುಡ್ಡು ಹಾಕಿ ಟೆಂಟಿನಲ್ಲಿ ಉಳಿಸಲು ಹೋಗುವವರನ್ನು ಕಂಡಾಗಲೆಲ್ಲ ಆ ಅಂಗೈ ನೆನಪಾಗುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರವಾಸ, ಆಮೇಲೆ ಟೆಂಟ್

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಮೂರು ಮಾತು ಬರೆದುಕೊಳ್ಳಿ: ಯಾವ ತಿಂಗಳು, ಯಾವ ನೀರು, ಎಷ್ಟು ಮಂದಿ.

ತಿಂಗಳ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಯ ಹತ್ತಿರ ಮಲಗುವ ವಿಚಾರವೇ ಬೇಡ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ದಂಡೆಯ ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಅಂಥ ನೀರಿನ ಮುಂದೆ ಯಾವ ಟೆಂಟೂ ಲೆಕ್ಕಕ್ಕಿಲ್ಲ. ಹಿಂಗಾರಿಯ ಚಿತ್ತಿ, ಸ್ವಾತಿ ಮಳೆಗಳು ಕಳೆಯಲಿ. ದೀಪಾವಳಿಯಿಂದ ಶಿವರಾತ್ರಿವರೆಗೆ ನಮ್ಮ ಸೀಮೆಯಲ್ಲಿ ದೋಣಿಗೆ ಚಿನ್ನದಂಥ ಕಾಲ: ಜಲಾಶಯಗಳಲ್ಲಿ ನೀರಿರುತ್ತದೆ, ಹಗಲು ಹಿತ, ರಾತ್ರಿ ಚಳಿ. ಎಳ್ಳಮಾವಾಸ್ಯೆ ಹೊತ್ತಿಗೆ ರಾತ್ರಿ 13–14 ಡಿಗ್ರಿಗೆ ಇಳಿಯುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ಸಂಜೆಯ ನಂತರ ಯಾವಾಗ ಬೇಕಾದರೂ ಗಾಳಿ, ಗುಡುಗು, ಆಲಿಕಲ್ಲು ಬರಬಹುದು ಎಂದುಕೊಂಡೇ ಸಾಮಾನು ಕಟ್ಟಿ.

ಇನ್ನು ನೀರು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.6 ಮೀಟರ್. ಅದರ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳವರೆಗೆ ಬಂದು ನಿಂತದ್ದು ಇಲ್ಲಿಯವರಿಗೆಲ್ಲ ಗೊತ್ತು. ಸಪಾಟು ನೆಲವಾದ್ದರಿಂದ ಒಂದಡಿ ನೀರಿಳಿದರೂ ದಂಡೆ ಎಷ್ಟೋ ಮಾರು ಹಿಂದಕ್ಕೆ ಹೋಗುತ್ತದೆ, ನಡುವೆ ಬರೀ ರಾಡಿ. ಹಿಡಕಲ್ ಕಡೆ ಗುಡ್ಡದ ಸೆರಗು, ಗಟ್ಟಿ ಗರಸು ನೆಲ. ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ಹಿಂದೆ ಬಯಲು, ಅಲ್ಲಿ ಗಾಳಿಗೆ ಅಡ್ಡ ಇಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳೇ ಅದನ್ನು ಹೇಳುತ್ತವೆ. ಬಾದಾಮಿ ಸುತ್ತಿನ ಮರಳುಗಲ್ಲಿನ ಮೇಲೆ ಗೂಟವೇ ಇಳಿಯುವುದಿಲ್ಲ. ಖಾನಾಪುರದ ಕಾಡಿನ ಆಸೆ ಇದ್ದರೆ ಒಂದು ಮಾತು: ಭೀಮಗಡ 2011ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ. ಜಲಾಶಯಗಳಲ್ಲೂ ಅಣೆಕಟ್ಟಿನ ಕಚೇರಿಯಲ್ಲಿ ಕೇಳಿಕೊಂಡೇ ಇಳಿಯಿರಿ, ಗೇಟಿನ ಸಮೀಪ ದೋಣಿ ಒಯ್ಯಲೇಬೇಡಿ.

ತೂಕ: ದೋಣಿ ಹೊತ್ತರೂ ಹೆಗಲಿಗೆ ತಪ್ಪದು

‘ದೋಣಿಯಲ್ಲಿ ಹೋಗೋದು ತಾನೇ, ಐದು ಕೆಜಿ ಆದ್ರೇನು’ ಎಂದು ಹೇಳುವವರು ಬಹಳ. ಅಂಥವರನ್ನು ಒಮ್ಮೆ ಕೃಷ್ಣೆಯಲ್ಲಿ ಜಮಖಂಡಿ ಹತ್ತಿರದ ಚಿಕ್ಕಪಡಸಲಗಿ ಬ್ಯಾರೇಜ್‌ವರೆಗೆ ಕರೆದೊಯ್ಯಬೇಕು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಕಟ್ಟಿದ ಬ್ಯಾರೇಜ್ ಅದು. ಶ್ರಮಬಿಂದು ಸಾಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಹೊಳೆಗಳಲ್ಲಿ ಹೀಗೆ ಬ್ಯಾರೇಜ್‌ಗಳು ಸಾಲಾಗಿವೆ. ಪ್ರತಿಯೊಂದರ ಹತ್ತಿರವೂ ದೂರದಲ್ಲೇ ದಡಕ್ಕೆ ಹತ್ತಿ, ದೋಣಿ ಸಾಮಾನು ಎಲ್ಲ ಹೊತ್ತು ಸುತ್ತಿ ಬಳಸಿ ಆಚೆ ಇಳಿಯಬೇಕು.

ಕೆನೂ ಪ್ರವಾಸಕ್ಕೆ ಹೆಸರಾದ ನಾಡುಗಳಲ್ಲಿ ಇದಕ್ಕೆ ಪೋರ್ಟೇಜ್ ಎನ್ನುತ್ತಾರೆ. ಅಮೆರಿಕದ ಮಿನೆಸೋಟ ರಾಜ್ಯದ ಬೌಂಡರಿ ವಾಟರ್ಸ್ ಎಂಬ ಕೆರೆಗಳ ಕಾಡಿನಲ್ಲಿ ಈ ಹೊರುವ ದಾರಿಗಳನ್ನು ಇಂದಿಗೂ ‘ರಾಡ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚು ಕಡಿಮೆ ಒಂದು ಕೆನೂ ಉದ್ದ. ಅಲ್ಲಿಯವರ ಒಂದು ಸರಳ ಲೆಕ್ಕ ನಮಗೂ ಬೇಕು. ಎಲ್ಲವನ್ನೂ ಒಂದೇ ಸಲ ಹೊರಲು ಆದರೆ 400 ಮೀಟರ್ ದಾರಿ 400 ಮೀಟರೇ. ಎರಡು ಸಲ ಹೊರಬೇಕಾದರೆ ಹೋಗಿ, ಬಂದು, ಮತ್ತೆ ಹೋಗಿ 1,200 ಮೀಟರ್ ಆಗುತ್ತದೆ. ಇಬ್ಬರ ಗಾಳಿ ದೋಣಿ 12ರಿಂದ 18 ಕೆಜಿ, ಗಟ್ಟಿ ಕೆನೂ ಆದರೆ 25 ಕೆಜಿ ಮೇಲೆ. ಕುಡಿಯುವ ನೀರೇ 10 ಲೀಟರ್. ಟೆಂಟಿನ ಒಂದೂವರೆ ಕೆಜಿ ಹೆಚ್ಚುವರಿ ಭಾರ ನಿಮ್ಮನ್ನು ಎರಡನೇ ಸುತ್ತಿಗೆ ತಳ್ಳುವುದು ಹೀಗೆ.

ಹಾಗಂತ ಬೆನ್ನ ಮೇಲೆ ಹೊತ್ತು ದಿನವಿಡೀ ಬೆಟ್ಟ ಹತ್ತುವವರ ಹಾಗೆ ಒಂದು ಕೆಜಿಯ ಟೆಂಟಿಗೆ ಮೂವತ್ತು ಸಾವಿರ ಸುರಿಯಬೇಕಿಲ್ಲ. ದಿನಕ್ಕೆ ಒಂದೆರಡು ಸಲ, ಅರ್ಧ ಕಿಲೋಮೀಟರ್ ಹೊರುವವರಿಗೆ ಇಬ್ಬರ ಟೆಂಟ್ 2ರಿಂದ 2.7 ಕೆಜಿ ಒಳಗೆ ಇದ್ದರೆ ಸಾಕು. ಅಲ್ಲಿ ಉಳಿದ ಹಣವನ್ನು ಕೋಲಿಗೆ, ತಳದ ಬಟ್ಟೆಗೆ, ಪೂರ್ತಿ ಮುಚ್ಚುವ ಮೇಲ್ಹೊದಿಕೆಗೆ ಹಾಕಿ. ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ.

ಚೀಲದ ಮೇಲೆ ಬರೆದ ತೂಕವನ್ನು ನಂಬಿ ಕೂರಬೇಡಿ. ಕೆಲವರು ಗೂಟ, ಹಗ್ಗ, ಚೀಲ ಬಿಟ್ಟು ‘ಕನಿಷ್ಠ ತೂಕ’ ಬರೆಯುತ್ತಾರೆ. ನಿಮಗೆ ಬೇಕಾದದ್ದು ಎಲ್ಲ ಸೇರಿದ ‘ಪ್ಯಾಕ್ಡ್ ವೇಟ್’. ಮನೆಗೆ ತಂದ ದಿನವೇ ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ನೋಡಿ. ನನ್ನ ಎರಡನೇ ಟೆಂಟ್ ಬರೆದದ್ದಕ್ಕಿಂತ 350 ಗ್ರಾಂ ಹೆಚ್ಚು ತೂಗಿತು, ಮರುದಿನವೇ ವಾಪಸ್ ಕಳಿಸಿದೆ.

ಅಳತೆ

ಇಬ್ಬರ ಟೆಂಟ್ ಎಂದರೆ ಸಾಮಾನ್ಯವಾಗಿ ಒಳಗೆ 210 ಸೆಂ.ಮೀ. ಉದ್ದ, 130 ಸೆಂ.ಮೀ. ಅಗಲ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು, ಸಾಮಾನಿಗೆ ಜಾಗ ಇಲ್ಲ. ಒದ್ದೆ ಚಪ್ಪಲಿ, ಲೈಫ್ ಜಾಕೆಟ್, ಹುಟ್ಟು ಇಡಲು ಹೊರಗೆ ಒಂದು ಪಡಸಾಲೆ ಬೇಕು. ಮೇಲ್ಹೊದಿಕೆ ಬಾಗಿಲ ಮುಂದೆ ಚಾಚಿಕೊಂಡು ಮಾಡುವ ಜಾಗವನ್ನೇ ಹೀಗೆ ಕರೆಯುತ್ತಿದ್ದೇನೆ. ಎರಡು ಬದಿ ಬಾಗಿಲು, ಎರಡು ಪಡಸಾಲೆ ಇದ್ದರೆ ರಾತ್ರಿ ಒಬ್ಬರನ್ನೊಬ್ಬರು ದಾಟುವ ಗೋಳಿಲ್ಲ. ಆರಡಿ ಮೀರಿದ ಆಳಾದರೆ 215 ಸೆಂ.ಮೀ.ಗಿಂತ ಕಡಿಮೆ ಉದ್ದದ್ದು ಬೇಡ, ಕಾಲು ಬಟ್ಟೆಗೆ ತಾಗಿ ಬೆಳಗ್ಗೆ ಹಾಸಿಗೆ ಒದ್ದೆಯಾಗಿರುತ್ತದೆ. ಎತ್ತರ 100–110 ಸೆಂ.ಮೀ. ಹಿತ. ಒಳಗೆ ನಿಲ್ಲುವಷ್ಟು ಎತ್ತರದ ಟೆಂಟ್ ಬಯಲು ದಂಡೆಯ ಗಾಳಿಗೆ ಹಾಯಿಯ ಹಾಗೆ ಎದೆಯೊಡ್ಡುತ್ತದೆ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟ್ ನೋಡಲು ಚೆಂದ. ಮಡಿಚಿದರೆ ದೊಡ್ಡ ಪರಾತದಂಥ ಚಕ್ರವಾಗುತ್ತದೆ, ದೋಣಿಯ ಮೂತಿಯಲ್ಲಿ ಎಲ್ಲೂ ಕೂರುವುದಿಲ್ಲ. ಅದನ್ನು ಬಿಟ್ಟುಬಿಡಿ.

ಬಟ್ಟೆ ಓದಲು ಕಲಿಯಿರಿ

ನನ್ನದು ರಬಕವಿ-ಬನಹಟ್ಟಿ ಕಡೆಯ ಊರು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಟೆಂಟಿನ ಚೀಟಿ ಓದುವುದು ಕಷ್ಟವಲ್ಲ, ಆದರೆ ನಮ್ಮವರೂ ಒಂದು ಕಡೆ ಎಡವುತ್ತಾರೆ. ಹತ್ತಿ ನೂಲಿನ ‘ಕೌಂಟ್’ ಹೆಚ್ಚಿದಷ್ಟೂ ನೂಲು ಸಣ್ಣ. 840 ಗಜದ ಎಷ್ಟು ಲಡಿ ಒಂದು ಪೌಂಡಿಗೆ ತೂಗುತ್ತವೆ ಎಂಬುದು ಕೌಂಟ್. ಟೆಂಟಿನ ಬಟ್ಟೆಗೆ ಹಾಕುವ ‘ಡೆನಿಯರ್’ ಇದಕ್ಕೆ ತಿರುಗಾಮುರುಗಾ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂದರೆ 68ಡಿ ಎಂದರೆ ದಪ್ಪ ನೂಲು, 20ಡಿ ಎಂದರೆ ತೀರ ತೆಳು. 190ಟಿ, 210ಟಿ ಎಂದು ಬರೆದಿರುವುದು ಒಂದು ಚದರ ಅಂಗುಲದಲ್ಲಿ ಹಾಸು ಹೊಕ್ಕು ಎರಡೂ ಸೇರಿ ಎಷ್ಟು ಎಳೆ ಎಂಬ ಲೆಕ್ಕ.

ಬಟ್ಟೆಯಲ್ಲಿ ಐದಾರು ಮಿ.ಮೀ.ಗೊಂದು ದಪ್ಪ ಎಳೆ ಓಡಿ ಸಣ್ಣ ಸಣ್ಣ ಚೌಕುಳಿ ಕಂಡರೆ ಅದು ರಿಪ್‌ಸ್ಟಾಪ್. ಹರಿದರೂ ಹರಿತ ಮುಂದಿನ ದಪ್ಪ ಎಳೆಗೆ ಬಂದು ನಿಲ್ಲುತ್ತದೆ. ಗುಳೇದಗುಡ್ಡದ ಖಣವನ್ನು ಬೆಳಕಿಗೆ ಹಿಡಿದು ನೇಯ್ಗೆ ನೋಡುವ ಹಾಗೆ ಟೆಂಟಿನ ಬಟ್ಟೆಯನ್ನೂ ಹಿಡಿದು ನೋಡಿ. ಚೌಕುಳಿ ಬರೀ ಅಚ್ಚು ಹಾಕಿದ್ದೋ, ನಿಜವಾಗಿ ಎಳೆ ದಪ್ಪವಿದೆಯೋ ಬೆರಳಿಗೆ ಗೊತ್ತಾಗುತ್ತದೆ.

ನೈಲಾನೋ ಪಾಲಿಯೆಸ್ಟರೋ? ಅದೇ ದಪ್ಪದಲ್ಲಿ ನೈಲಾನ್ ಹೆಚ್ಚು ಗಟ್ಟಿ. ಆದರೆ ಅದು ನೀರು ಕುಡಿದು ಜೋಲು ಬೀಳುತ್ತದೆ, ಮಳೆಯಲ್ಲಿ ಎದ್ದು ಎದ್ದು ಹಗ್ಗ ಬಿಗಿಯಬೇಕು. ಬಿಸಿಲಿಗೂ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ಒದ್ದೆಯಾದರೂ ಅಷ್ಟು ಸಡಿಲಾಗುವುದಿಲ್ಲ, ಬಿಸಿಲನ್ನೂ ಹೆಚ್ಚು ತಡೆದುಕೊಳ್ಳುತ್ತದೆ, ಬೆಲೆಯೂ ಕಡಿಮೆ. ವಿಜಯಪುರದ ಬಿಸಿಲು ಕಂಡವರಿಗೆ ನಾನು ಮೇಲ್ಹೊದಿಕೆಗೆ ಪಾಲಿಯೆಸ್ಟರನ್ನೇ ಹೇಳುತ್ತೇನೆ. ನೂರಿನ್ನೂರು ಗ್ರಾಂ ಹೆಚ್ಚಾದರೆ ಆಗಲಿ.

ತಳದ ಬಟ್ಟೆಯಲ್ಲಿ ಮಾತ್ರ ತೆಳುವಿನ ಮೋಹಕ್ಕೆ ಬೀಳಬೇಡಿ. ನಮ್ಮ ದಂಡೆಗಳ ತುಂಬ ಜಾಲಿ. ಬಳ್ಳಾರಿ ಜಾಲಿಯ ಒಣ ಮುಳ್ಳು ಚಪ್ಪಲಿಯ ಅಟ್ಟೆಯನ್ನೇ ದಾಟುತ್ತದೆ, 20ಡಿ ಬಟ್ಟೆ ಅದಕ್ಕೆ ಕಾಗದ. ತಳ 68ಡಿ ಅಥವಾ ಅದಕ್ಕಿಂತ ದಪ್ಪವಿರಲಿ, ಜೊತೆಗೆ ಕೆಳಗೆ ಹಾಸಲು ಒಂದು ತುಂಡು ತಾಡಪತ್ರಿ ಇರಲಿ. ಕಂಪನಿಯವರು ಬೇರೆ ಮಾರುವ ‘ಫುಟ್‌ಪ್ರಿಂಟ್’ಗೆ ದುಡ್ಡು ಕೊಡಬೇಕಿಲ್ಲ. ಸಂತೆಯಲ್ಲಿ ಸಿಗುವ 120 ಜಿಎಸ್ಎಂ (ಅಂದರೆ ಚದರ ಮೀಟರಿಗೆ 120 ಗ್ರಾಂ ತೂಗುವ) ತಾಡಪತ್ರಿಯನ್ನು ಟೆಂಟಿನ ಅಳತೆಗೆ ಕತ್ತರಿಸಿದರೆ ಸುಮಾರು 330 ಗ್ರಾಂ. ಕತ್ತರಿಸುವಾಗ ಎಲ್ಲ ಬದಿಯಲ್ಲೂ ತಳಕ್ಕಿಂತ ನಾಲ್ಕು ಬೆರಳು ಒಳಗಿರಲಿ. ಹೊರಗೆ ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಡಿಗೆ ಹರಿದು ಬರುತ್ತದೆ.

ನೀರು ಒಳಗೆ ಬರುವ ದಾರಿಗಳು

‘ವಾಟರ್‌ಪ್ರೂಫ್’ ಎಂಬ ಪದಕ್ಕೆ ಬೆಲೆ ಇಲ್ಲ, ಅಂಕಿ ಕೇಳಿ. 1,500 ಮಿ.ಮೀ. ಎಂದರೆ ಆ ಬಟ್ಟೆಯ ಮೇಲೆ ಒಂದೂವರೆ ಮೀಟರ್ ನೀರಿನ ಕಂಬ ನಿಲ್ಲಿಸಿದರೂ ಜಿನುಗದೆ ತಡೆಯುತ್ತದೆ ಎಂದರ್ಥ. ಮೇಲ್ಹೊದಿಕೆಗೆ 1,500 ಕನಿಷ್ಠ, 2,000–3,000 ನೆಮ್ಮದಿ. ತಳಕ್ಕೆ 3,000ಕ್ಕಿಂತ ಕಡಿಮೆ ಬೇಡ. ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಾಗ ಬೀಳುವ ಒತ್ತಡ ಮಳೆ ಹನಿಯದಕ್ಕಿಂತ ಬಹಳ ಹೆಚ್ಚು.

ಆದರೆ ಅಗ್ಗದ ಟೆಂಟ್ ಸೋರುವುದು ಬಟ್ಟೆಯಿಂದ ಕಡಿಮೆ, ಹೊಲಿಗೆಯಿಂದ ಹೆಚ್ಚು. ಮೇಲ್ಹೊದಿಕೆಯನ್ನು ಒಳಮಗ್ಗುಲು ಮಾಡಿ ಪ್ರತಿ ಹೊಲಿಗೆಯ ಮೇಲೂ ಪಾರದರ್ಶಕ ಪಟ್ಟಿ ಅಂಟಿಸಿದ್ದಾರೆಯೇ, ಮೂಲೆಗಳಲ್ಲಿ ಪಟ್ಟಿ ಎದ್ದಿದೆಯೇ ನೋಡಿ. ಪಿಯು, ಅಂದರೆ ಪಾಲಿಯುರೆಥೇನ್ ಲೇಪನದ ಬಟ್ಟೆಗೆ ಈ ಪಟ್ಟಿ ಹಿಡಿಯುತ್ತದೆ. ಎರಡೂ ಬದಿ ಸಿಲಿಕೋನ್ ಲೇಪಿಸಿದ ಬಟ್ಟೆಗೆ ಹಿಡಿಯುವುದಿಲ್ಲ, ಸಿಲಿಕೋನ್ ಅಂಟನ್ನು ನೀವೇ ಹೊಲಿಗೆಯ ಗುಂಟ ಸವರಬೇಕು.

ಮುಖ್ಯವಾಗಿ ಮೇಲ್ಹೊದಿಕೆ ನೆಲದಿಂದ ಒಂದು ಗೇಣು ಎತ್ತರದವರೆಗೆ ಇಳಿದು ಬರಬೇಕು. ನೆತ್ತಿಗೆ ಮಾತ್ರ ಟೋಪಿ ಹಾಕಿದ ಹಾಗಿರುವ ಅರ್ಧ ಹೊದಿಕೆಯ ಟೆಂಟುಗಳು ಅಗ್ಗ, ಹಿಡಕಲ್‌ನಲ್ಲಿ ನಮ್ಮದೂ ಅದೇ. ಗಾಳಿಯೊಂದಿಗೆ ಮಳೆ ಓರೆಯಾಗಿ ಬಂದಾಗ ಬದಿಯ ಬಟ್ಟೆಯೆಲ್ಲ ನೆನೆದು ನೀರು ಒಳಗಿಳಿಯಿತು. ತಳದ ಬಟ್ಟೆಯೂ ಬೋಗುಣಿಯ ಅಂಚಿನಂತೆ ಸುತ್ತ 10–15 ಸೆಂ.ಮೀ. ಮೇಲೆ ಎದ್ದಿರಬೇಕು, ಆ ಅಂಚಿನಲ್ಲಿ ಹೊಲಿಗೆ ಇರಬಾರದು.

ಕೋಲು ಮತ್ತು ಗೂಟ

ಫೈಬರ್‌ಗ್ಲಾಸ್ ಕೋಲು ಅಗ್ಗ, ಭಾರ. ಬಿಸಿಲಲ್ಲಿ ವರ್ಷ ಕಳೆದಂತೆ ಪೆಡಸಾಗಿ ಸೀಳುತ್ತದೆ. ಅಲ್ಯುಮಿನಿಯಂ ಕೋಲು ಹಗುರ, ಅತಿಯಾದರೆ ಬಾಗುತ್ತದೆ. ಬಾಗಿದ್ದನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿಕೊಂಡು ಇನ್ನೆರಡು ರಾತ್ರಿ ದೂಡಬಹುದು. ಚೀಟಿಯಲ್ಲಿ ಮಿಶ್ರಲೋಹದ ಸಂಖ್ಯೆ 7001 ಅಥವಾ 7075 ಎಂದಿದ್ದು, ದಪ್ಪ 8.5 ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು. ಬಜೆಟ್ಟಿನಲ್ಲಿ ಒಂದೇ ಒಂದು ಕಡೆ ಹೆಚ್ಚು ಖರ್ಚು ಮಾಡಲು ಸಾಧ್ಯ ಎಂದರೆ ಇಲ್ಲಿ ಮಾಡಿ. ಫೈಬರ್‌ಗ್ಲಾಸಿನದ್ದೇ ಕೊಳ್ಳಬೇಕಾಗಿ ಬಂದರೆ ಕೋಲಿನ ಮೇಲೆ ಸರಿಯಾಗಿ ಕೂರುವ, ಒಂದು ಗೇಣುದ್ದದ ಲೋಹದ ಕೊಳವೆ ತುಂಡನ್ನು ಗಟ್ಟಿ ಟೇಪಿನೊಂದಿಗೆ ಇಟ್ಟುಕೊಳ್ಳಿ. ಸೀಳಿದ ಜಾಗಕ್ಕೆ ಅದನ್ನು ತೊಡಿಸಿ ಸುತ್ತಿದರೆ ರಾತ್ರಿ ಕಳೆಯುತ್ತದೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ.

ಗೂಟವಿಲ್ಲದೆಯೇ ತನ್ನ ಕೋಲಿನ ಮೇಲೆ ತಾನು ನಿಲ್ಲುವ ಟೆಂಟನ್ನೇ ಆರಿಸಿ. ಬಂಡೆಯ ಮೇಲೆ, ಮರಳಿನ ಮೇಲೆ ಹೂಡಬಹುದು. ಜಾಗ ಸರಿಬರದಿದ್ದರೆ ಇಬ್ಬರು ಎತ್ತಿ ಪಕ್ಕಕ್ಕಿಡಬಹುದು. ಬೆಳಗ್ಗೆ ತಲೆಕೆಳಗು ಮಾಡಿ ಮಣ್ಣು ಕೊಡವಬಹುದು. ನಡೆಗೋಲಿನ ಮೇಲೆ ನಿಲ್ಲಿಸುವ ಟೆಂಟುಗಳು ಹಗುರ, ಕೆಲವು ಅಗ್ಗವೂ ಹೌದು, ದೋಣಿಯ ಹುಟ್ಟನ್ನೇ ಕೋಲಾಗಿ ಬಳಸುವವರೂ ಇದ್ದಾರೆ. ಆದರೆ ಅವು ಪೂರ್ತಿ ಗೂಟದ ಮೇಲೆ ನಿಂತಿರುತ್ತವೆ, ನಮ್ಮ ಎರೆ ಭೂಮಿಯಲ್ಲಿ ಗೂಟವನ್ನು ನಂಬುವಂತಿಲ್ಲ.

ಎರೆ ಮಣ್ಣಿನ ಗುಣವೇ ಹಾಗೆ. ಒಣಗಿದರೆ ಕೈ ತೂರುವಷ್ಟು ಬಿರುಕು, ಹಸಿಯಾದರೆ ಬೆಣ್ಣೆ. ಟೆಂಟಿನೊಂದಿಗೆ ಬರುವ ತಂತಿಯಂಥ ಗೂಟ ಮಳೆ ಬಿದ್ದ ಅರ್ಧ ಗಂಟೆಯಲ್ಲಿ ಎದ್ದು ಬರುತ್ತದೆ. ಮೂರು ರೆಕ್ಕೆಯ ಅಲ್ಯುಮಿನಿಯಂ ಗೂಟ ಒಂದಕ್ಕೆ 15 ಗ್ರಾಂ ಆಸುಪಾಸು. ಎಂಟು ಕೊಂಡು ಗರಸು ನೆಲಕ್ಕೆ ಬಳಸಿ. ಎರೆಯಲ್ಲಿ ಬೇರೆ ಉಪಾಯ: ಖಾಲಿ ಚೀಲದ ತುಂಡಿಗೆ ಮಣ್ಣು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಣಕೈ ಆಳ ಹೂತು ಮೇಲೆ ತುಳಿಯಿರಿ. ನಾಲ್ಕು ಮೂಲೆಗೆ ನಾಲ್ಕು. ಆಲಮಟ್ಟಿ ಹಿನ್ನೀರಿನಲ್ಲಿ ಒಂದು ಇಡೀ ರಾತ್ರಿಯ ಗಾಳಿಗೆ ಅವು ಒಂದಿಂಚೂ ಅಲುಗಲಿಲ್ಲ.

ಇಬ್ಬನಿ, ಸೊಳ್ಳೆ

ಡಿಸೆಂಬರ್‌ನಲ್ಲಿ ನೀರಿನ ಬದಿ ಮಲಗಿ ಎದ್ದವರು ‘ಟೆಂಟ್ ಸೋರಿತು’ ಎನ್ನುತ್ತಾರೆ. ಬಹಳ ಸಲ ಅದು ಸೋರಿದ್ದಲ್ಲ. ಇಬ್ಬರ ಉಸಿರು ಬೆವರು ಸೇರಿ ರಾತ್ರಿಗೆ ಒಂದು ಲೋಟ ನೀರಾದರೂ ಆವಿಯಾಗುತ್ತದೆ, ತಣ್ಣಗಿನ ಹೊದಿಕೆಗೆ ತಾಗಿ ಹನಿಗಟ್ಟುತ್ತದೆ. ಅದಕ್ಕೇ ಎರಡು ಪದರದ ಟೆಂಟ್ ಬೇಕು. ಒಳಗೆ ಜಾಳಿಗೆಯ ಇನ್ನರ್, ಹೊರಗೆ ಹೊದಿಕೆ, ನಡುವೆ ನಾಲ್ಕು ಬೆರಳು ಗಾಳಿ. ಹನಿ ಹೊರಗಿನ ಹೊದಿಕೆಯ ಮೇಲೆ ನಿಂತು ಕೆಳಗಿಳಿಯುತ್ತದೆ, ನೀವು ಒಣಗಿರುತ್ತೀರಿ. ನೆತ್ತಿಯಲ್ಲಿ ಗಾಳಿಕಿಂಡಿ ಇರಲಿ, ಚಳಿ ಎಂದು ಅದನ್ನು ಮುಚ್ಚಬೇಡಿ. ಜಾಳಿಗೆಯ ಕಣ್ಣು ಸೊಳ್ಳೆಗಿಂತ ಸಣ್ಣ ಹುಳಗಳನ್ನೂ ತಡೆಯುವಷ್ಟು ಕಿರಿದಿರಬೇಕು. ಬೇಸಿಗೆಯ ರಾತ್ರಿ ಮೋಡವಿಲ್ಲದಿದ್ದರೆ ಹೊದಿಕೆ ತೆಗೆದು ಬರೀ ಇನ್ನರ್‌ನಲ್ಲಿ ಮಲಗಬಹುದು. ಹೊದಿಕೆಯನ್ನು ಮಾತ್ರ ಕೈಗೆಟುಕುವಲ್ಲಿ ಬಿಚ್ಚಿಟ್ಟುಕೊಳ್ಳಿ.

ಬೆಲೆ

ನಾನು ಕಂಡಂತೆ ಎರಡೂವರೆ ಸಾವಿರದೊಳಗೆ ಸಿಗುವುದು ಒಂದೇ ಪದರದ ಅಥವಾ ಅರ್ಧ ಹೊದಿಕೆಯ ಟೆಂಟುಗಳು. ಮನೆಯ ಅಂಗಳದಲ್ಲಿ ಮಕ್ಕಳ ಆಟಕ್ಕೆ ಸರಿ. ನಾಲ್ಕರಿಂದ ಏಳು ಸಾವಿರದಲ್ಲಿ ಎರಡು ಪದರ, ಫೈಬರ್‌ಗ್ಲಾಸ್ ಕೋಲು, ಎರಡೂವರೆಯಿಂದ ಮೂರೂವರೆ ಕೆಜಿ. ಎಂಟರಿಂದ ಹದಿನಾಲ್ಕು ಸಾವಿರದಲ್ಲಿ ಅಲ್ಯುಮಿನಿಯಂ ಕೋಲು, ಪೂರ್ತಿ ಹೊದಿಕೆ, ಎರಡು ಕೆಜಿ ಸುತ್ತಮುತ್ತ. ನನ್ನ ಈಗಿನ ಟೆಂಟ್ ಈ ಮೂರನೇ ಗುಂಪಿನ ಕೆಳ ಅಂಚಿನದ್ದು, ನಾಲ್ಕು ಚಳಿಗಾಲ ಕಂಡಿದೆ. ಅಷ್ಟು ಒಮ್ಮೆಲೇ ಆಗದಿದ್ದರೆ ಟ್ರೆಕ್ಕಿಂಗ್ ಮಾಡುವ ಗೆಳೆಯರದ್ದನ್ನು ಎರವಲು ಪಡೆದು ಎರಡು ಪ್ರವಾಸ ಮುಗಿಸಿ, ಅಷ್ಟರಲ್ಲಿ ಹಣ ಕೂಡಿಸಿ. ಬಳಸಿದ ಟೆಂಟ್ ಕೊಳ್ಳುವುದಾದರೆ ಮೂಗನ್ನು ನಂಬಿ: ಹೊದಿಕೆಯ ಒಳಮಗ್ಗುಲು ಜಿಗುಟಾಗಿದ್ದು ಹುಳಿ ಕಮಟು ವಾಸನೆ ಬಂದರೆ ಲೇಪನ ಕೆಟ್ಟಿದೆ, ಪುಕ್ಕಟೆ ಕೊಟ್ಟರೂ ಬೇಡ.

ಮಾಳಿಗೆ ಮೇಲೆ ಒಂದು ರಾತ್ರಿ

ತಂದ ಟೆಂಟನ್ನು ನೇರ ಹೊಳೆಗೆ ಒಯ್ಯಬೇಡಿ. ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಮನೆಯ ಮಾಳಿಗೆ ಮೇಲೆ ಹೂಡಿ. ಮೊದಲ ಸಲ ಹಗಲಲ್ಲಿ, ಎರಡನೇ ಸಲ ಕತ್ತಲಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು. ಹತ್ತು ನಿಮಿಷ ಮೀರಿದರೆ ಇನ್ನೊಮ್ಮೆ. ಪ್ರತಿ ಜಿಪ್ಪನ್ನೂ ಇಪ್ಪತ್ತು ಸಲ ಎಳೆದು ಬಿಡಿ, ಬಟ್ಟೆ ಕಚ್ಚುವ ಜಿಪ್ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪಿನಿಂದ ಹದಿನೈದು ನಿಮಿಷ ಮೇಲೆ, ಓರೆಗೆ, ಕೆಳ ಅಂಚಿಗೆ ನೀರು ಹೊಡೆಸಿ. ಒಳಗೆ ಒಬ್ಬರು ಒಣ ಅಂಗೈಯಿಂದ ಹೊಲಿಗೆಗಳನ್ನು ಸವರುತ್ತ ಕೂರಲಿ. ಆ ರಾತ್ರಿ ಅಲ್ಲೇ ಮಲಗಿ.

ದೋಣಿಯಲ್ಲಿ, ದಂಡೆಯಲ್ಲಿ

ಟೆಂಟನ್ನು ಅದರದೇ ಚೀಲದಲ್ಲಿ ಒಯ್ಯುವ ರೂಢಿ ಬಿಡಿ. ಇನ್ನರ್ ನೀರು ಹೊಗದ ಒಂದು ಡ್ರೈ ಬ್ಯಾಗಿನಲ್ಲಿ ಹಾಸಿಗೆಯೊಂದಿಗೆ ಇರಲಿ, ಹೊದಿಕೆ ಇನ್ನೊಂದರಲ್ಲಿ. ಬೆಳಗ್ಗೆ ಇಬ್ಬನಿಗೆ ಒದ್ದೆಯಾದ ಹೊದಿಕೆ ಒಳಗಿನದ್ದನ್ನು ನೆನೆಸಬಾರದು. ಕೋಲಿನ ಕಟ್ಟನ್ನು ದೋಣಿಯ ತಳಕ್ಕೆ ಉದ್ದವಾಗಿ ಮಲಗಿಸಿ ಹಗ್ಗ ಹಾಕಿ. ಎಲ್ಲ ಚೀಲವನ್ನೂ ದೋಣಿಗೆ ಕಟ್ಟಿರಬೇಕು, ಮಗುಚಿದರೆ ಮನೆ ತೇಲಿ ಹೋಗಬಾರದು. ಲೈಫ್ ಜಾಕೆಟ್ ಮೈಮೇಲಿರಲಿ.

ಬಿಸಿಲು ಇಳಿಯಲು ಎರಡು ತಾಸು ಇರುವಾಗಲೇ ದಡ ಹತ್ತಿ. ಮೊದಲು ಅಲ್ಲಿ ಬಲೆ ಬಿಡುವವರನ್ನು ಕಂಡು ಮಾತಾಡಿಸಿ. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿವೆ. ಯಾವ ದಂಡೆಯ ಮೇಲೆ ಬಿಸಿಲು ಕಾಯುತ್ತವೆ ಎಂಬುದು ಅವರಿಗೆ ಗೊತ್ತು. ಬೇಸಿಗೆಯ ಹೊಸ್ತಿಲಲ್ಲಿ ಅವು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ, ಆ ಜಾಗಗಳ ಹತ್ತಿರ ಸುಳಿಯಬಾರದು. ಟೆಂಟ್ ನೀರಂಚಿನಿಂದ ದೂರ, ಹಳೆಯ ನೀರಿನ ಗೆರೆಗಿಂತ ಮೇಲೆ. ಒಣ ಕಸ ಕಡ್ಡಿ ಸಾಲಾಗಿ ನಿಂತ ಗೆರೆ ಕಂಡರೆ ಅಲ್ಲಿಯವರೆಗೆ ನೀರು ಬಂದಿತ್ತು ಎಂದರ್ಥ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಗೇಟ್ ತೆರೆದರೆ ನೀರು ಏರಲು ಹೆಚ್ಚು ಹೊತ್ತು ಬೇಡ, ಆದ್ದರಿಂದ ಹೊಳೆಯ ನಡುವಿನ ಮರಳು ದಿಬ್ಬದ ಮೇಲೆ ಎಷ್ಟೇ ಚೆಂದ ಕಂಡರೂ ಮಲಗಬೇಡಿ. ಹೊಲದ ಬದುವಾದರೆ ರೈತರನ್ನು ಕೇಳಿಯೇ ಹೂಡಿ.

ನಮ್ಮ ಕುರಿಗಾರರು ಎಲ್ಲಿ ಬೀಡು ಬಿಡುತ್ತಾರೆ ನೋಡಿ ಕಲಿಯುವುದು ಬಹಳ ಇದೆ. ತಗ್ಗಿನಲ್ಲಿ ಇಳಿಯುವುದಿಲ್ಲ, ಒಂಟಿ ಮರದಡಿ ಇಳಿಯುವುದಿಲ್ಲ, ಗಾಳಿಗೆ ಬೆನ್ನು ಮಾಡಿ ಬಾಗಿಲು ಇಡುತ್ತಾರೆ. ಹಾಗೆ ಜಾಗ ಗೊತ್ತು ಮಾಡಿ, ಮಂಡಿಯೂರಿ ಅಂಗೈಯಿಂದ ನೆಲ ಸವರಿ ಮುಳ್ಳು ಹೆಕ್ಕಿ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ತಾಡಪತ್ರಿ, ಇನ್ನರ್, ಹೊದಿಕೆ, ಕೊನೆಗೆ ಟೆಂಟನ್ನು ಗಾಳಿಗೆ ಅಲುಗದಂತೆ ಗೂಟಕ್ಕೆ ಬಿಗಿಯುವ ಗಾಳಿ ಹಗ್ಗ. ಗಾಳಿ ಇಲ್ಲದ ಸಂಜೆಯಾದರೂ ಹಗ್ಗ ಕಟ್ಟಿಯೇ ಮಲಗಿ. ಹಿಡಕಲ್‌ನಲ್ಲಿ ನಮ್ಮ ಹಗ್ಗಗಳು ಬಿಚ್ಚದ ಸುರುಳಿಯಾಗಿ ಚೀಲದಲ್ಲೇ ಇದ್ದವು.

ಮನೆಗೆ ಬಂದ ದಿನ ಎಷ್ಟೇ ದಣಿದಿದ್ದರೂ ಟೆಂಟನ್ನು ನೆರಳಲ್ಲಿ ಹರವಿ. ಒದ್ದೆ ಮಡಿಕೆಯಲ್ಲಿ ವಾರ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಲೇಪನ ಕರಗತೊಡಗುತ್ತದೆ. ಸಾಬೂನು ಪುಡಿ ಬೇಡ, ತಣ್ಣೀರು ಮತ್ತು ಮೆತ್ತನೆ ಬಟ್ಟೆ ಸಾಕು. ಜಿಪ್ಪಿನ ಹಲ್ಲಿನ ಮಣ್ಣನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಬಿಗಿಯಾಗಿ ಸುತ್ತದೆ, ಹಳೆಯ ತಲೆದಿಂಬಿನ ಹತ್ತಿ ಚೀಲದಲ್ಲಿ ಸಡಿಲವಾಗಿ ತುಂಬಿ ಇಲಿ ಸೇರದ ಕಡೆ ಇಡಿ. ನನ್ನ ಚೀಲದ ಬಾಯಿಗೆ ಒಂದು ಚೀಟಿ ಪಿನ್ ಮಾಡಿದ್ದೇನೆ: ಗೂಟ 14, ಹಗ್ಗ 6, ಕೊಳವೆ ತುಂಡು 1, ತೇಪೆ ಬಟ್ಟೆ 2. ಪ್ರತಿ ಸಲ ಎಣಿಸಿಯೇ ಒಳಗಿಡುತ್ತೇನೆ.